ಮೂರೂ ಧರ್ಮಗಳ ದೇವರು ಒಬ್ಬನೇ ಅಲ್ಲವೇ, ಒಟ್ಟಿಗೆ ಪ್ರಾರ್ಥಿಸಿದರೆ ತಪ್ಪೇನು?

ಆರೈಕೆ ಕೆಲಸಕ್ಕೆ ಇಸ್ರೇಲಿಗೆ ಹೊರಟಿದ್ದೀರಿ. ಯಹೂದಿ, ಕ್ರೈಸ್ತ, ಇಸ್ಲಾಂ ಮೂರರಲ್ಲಿ ಹೆಚ್ಚು ಸಹಿಷ್ಣು ಯಾವುದೆಂದೂ ಕೇಳಿದ್ದೀರಿ. ನಾನೂ ಮಂಗಳೂರಿನಿಂದ ಇದೇ ಮನಸ್ಸಿನಲ್ಲಿ ಹೋದವಳು. ಅಬ್ರಹಾಮ ಮೂವರಿಗೂ ಮೂಲಪುರುಷ, ಇನ್ನು ಭೇದ ಎಲ್ಲಿಯದು ಎಂದುಕೊಂಡಿದ್ದೆ. ಆ ನಂಬಿಕೆಯಿಂದಲೇ ಕೆಲಸ ಕಳೆದುಕೊಂಡೆ.

ಜೆರುಸಲೇಮಿನಲ್ಲಿ ಒಬ್ಬ ಯಹೂದಿ ಅಜ್ಜಿಯನ್ನು ನಾಲ್ಕು ವರ್ಷ ನೋಡಿಕೊಂಡೆ. ಅವರ ಧರ್ಮದ ನಿಯಮದಂತೆ ಮಾಂಸದ ಪಾತ್ರೆ ಬೇರೆ, ಹಾಲಿನ ಪಾತ್ರೆ ಬೇರೆ. ಒಂದು ದಿನವೂ ಬೆರೆಸಲಿಲ್ಲ. ಶುಕ್ರವಾರ ಸಂಜೆ ಅವರು ದೀಪ ಹಚ್ಚುವಾಗ ನಡುಗುವ ಮೊಣಕೈಗೆ ನಾನೇ ಆಸರೆ. ನನ್ನ ಕುತ್ತಿಗೆಯ ಶಿಲುಬೆಯ ಬಗ್ಗೆ ಆ ಮನೆಯಲ್ಲಿ ಯಾರೂ ಒಂದು ಮಾತು ಆಡಿದವರಲ್ಲ.

ಅಜ್ಜಿಗೆ ಪ್ರಜ್ಞೆ ತಪ್ಪಿದ ರಾತ್ರಿ ಹತ್ತಿರ ನಾನೊಬ್ಬಳೇ ಇದ್ದೆ. ಯೊರ್ದಾನ್ ನದಿಯಿಂದ ತಂದಿಟ್ಟಿದ್ದ ನೀರಿನ ಬಾಟಲಿ ತೆರೆದು, ಹೆಬ್ಬೆರಳು ಅದ್ದಿ, ಅವರ ಹಣೆಗೆ ಶಿಲುಬೆಯ ಗುರುತು ಹಾಕಿ ಕೊಂಕಣಿಯಲ್ಲಿ ಪ್ರಾರ್ಥಿಸಿದೆ. ನನ್ನ ಅಮ್ಮನಿಗೂ ಹಾಗೆಯೇ ಮಾಡಿದ್ದೆ. ತಲೆಯೆತ್ತಿದಾಗ ಬಾಗಿಲಲ್ಲಿ ಅಜ್ಜಿಯ ಮಗಳು ನಿಂತಿದ್ದರು. ಬೈಯಲಿಲ್ಲ. ಟವೆಲ್ ತಂದು ತಾಯಿಯ ಹಣೆ ಒರೆಸಿದರು, ಕೈ ನಡುಗುತ್ತಿತ್ತು. ಬೆಳಿಗ್ಗೆ ನನ್ನ ಲೆಕ್ಕ ಚುಕ್ತಾ ಮಾಡಿದರು. ಅಜ್ಜಿಯ ಕೊನೆಯುಸಿರಿನ ಹೊತ್ತಿಗೆ ನಾನಿರಲಿಲ್ಲ.

ಮತಾಂತರದ ಯೋಚನೆ ನನ್ನ ಕನಸಿನಲ್ಲಿಯೂ ಇರಲಿಲ್ಲ. ಆದರೂ, ಬೇಡ ಎನ್ನಲಾಗದ ಸ್ಥಿತಿಯಲ್ಲಿದ್ದವರ ಮೈಮೇಲೆ ನನ್ನ ಧರ್ಮದ ಗುರುತು ಹಾಕಿದೆ. ನಾಲ್ಕು ವರ್ಷದಲ್ಲಿ ಒಮ್ಮೆ ಕೇಳಬಹುದಿತ್ತು. ದೇವರು ಒಬ್ಬನೇ ಎಂದ ಮೇಲೆ ಕೇಳುವುದೇನಿದೆ ಎಂದು ಕೇಳಲಿಲ್ಲ. ಮಗಳು ಬರುವವರೆಗೆ ಕಾಯಬಹುದಿತ್ತು. ಮನಸ್ಸಿನಲ್ಲೇ ಪ್ರಾರ್ಥಿಸಬಹುದಿತ್ತು.

ಎಡ್ಗಾರ್ಡೊ ಮೊರ್ತಾರಾನ ಕಥೆ ನನಗೆ ತಿಳಿದದ್ದು ಆಮೇಲೆ. ಇಟಲಿಯ ಬೊಲೊನ್ಯಾ ಆಗ ಪೋಪರ ಆಡಳಿತದಲ್ಲಿತ್ತು. ಕಾಯಿಲೆ ಬಿದ್ದ ಯಹೂದಿ ಮಗುವಿಗೆ ಮನೆಗೆಲಸದ ಕ್ರೈಸ್ತ ಹುಡುಗಿ ಗುಟ್ಟಾಗಿ ದೀಕ್ಷಾಸ್ನಾನ ಕೊಟ್ಟಿದ್ದಳು. ದೀಕ್ಷಾಸ್ನಾನವಾದ ಮಗು ಕ್ರೈಸ್ತ, ಅದು ಯಹೂದಿ ಮನೆಯಲ್ಲಿ ಬೆಳೆಯುವಂತಿಲ್ಲ ಎಂಬುದು ಅಲ್ಲಿನ ಕಾನೂನು. ಸುದ್ದಿ ಹೊರಬಿದ್ದ ಮೇಲೆ, 1858ರಲ್ಲಿ, ಆರು ವರ್ಷದ ಆ ಹುಡುಗನನ್ನು ಪೊಲೀಸರು ಹೆತ್ತವರಿಂದ ಕಿತ್ತುಕೊಂಡು ಹೋದರು. ಹಿಂದಿರುಗಿಸಲೇ ಇಲ್ಲ, ಬೆಳೆದು ಪಾದ್ರಿಯಾದ. ಆ ಹುಡುಗಿಯೂ ಮಗುವಿನ ಮೇಲಿನ ಮಮತೆಯಿಂದಲೇ ಮಾಡಿರಬೇಕು. ಓದಿ ಮುಗಿಸಿದಾಗ ನನ್ನ ಕಣ್ಣ ಮುಂದೆ ಇದ್ದದ್ದು ಆ ಟವೆಲ್.

ಯಾವುದು ಹೆಚ್ಚು ಸಹಿಷ್ಣು ಎಂಬ ಲೆಕ್ಕವನ್ನು ದಯವಿಟ್ಟು ಬಿಡಿ. 1492ರಲ್ಲಿ ಕ್ರೈಸ್ತ ಸ್ಪೇನ್ ಹೊರಗಟ್ಟಿದ ಯಹೂದಿಗಳಿಗೆ ಒಟ್ಟೊಮನ್ ಸುಲ್ತಾನ ಆಶ್ರಯ ಕೊಟ್ಟ. ಅದೇ ರಾಜ್ಯದಲ್ಲಿ ಅವರು ಮುಸ್ಲಿಮೇತರರಿಗೆ ಹಾಕುವ ಜಿಜಿಯಾ ತೆರಿಗೆ ತೆರಬೇಕಿತ್ತು. ಕ್ರಿ.ಪೂ. ಎರಡನೆಯ ಶತಮಾನದಲ್ಲಿ ಯಹೂದಿ ಅರಸ ಹಿರ್ಕಾನಸ್ ನೆರೆಯ ಇದುಮೇಯದ ಜನರಿಗೆ ಬಲವಂತವಾಗಿ ಸುನ್ನತಿ ಮಾಡಿಸಿದ್ದ. ಯಾರನ್ನು ಗೆಲ್ಲಿಸುತ್ತೀರಿ?

ಜೆರುಸಲೇಮಿಗೆ ಹೋದಾಗ ಏಸುವಿನ ಸಮಾಧಿಯಿರುವ ಇಗರ್ಜಿಯ ಬಾಗಿಲು ತೆರೆಯುವುದನ್ನು ಒಮ್ಮೆ ನೋಡಿ. ಅದರ ಕೀಲಿಕೈ ತಲೆಮಾರುಗಳಿಂದ ಒಂದು ಮುಸ್ಲಿಂ ಕುಟುಂಬದ ಬಳಿ ಇದೆ; ಬಾಗಿಲು ತೆರೆಯುವ ಹೊಣೆ ಇನ್ನೊಂದು ಮುಸ್ಲಿಂ ಕುಟುಂಬದ್ದು. ಏಸು ಶಿಲುಬೆಯ ಮೇಲೆ ಸತ್ತನೆಂಬುದನ್ನು ಇಸ್ಲಾಂ ಒಪ್ಪುವುದಿಲ್ಲ. ಅದನ್ನು ಒಪ್ಪದವರು, ನಂಬುವವರಿಗಾಗಿ ದಿನವೂ ಬಾಗಿಲು ತೆರೆಯುತ್ತಾರೆ. ಅದಕ್ಕಾಗಿ ಅವರು ಒಳಗೆ ಬಂದು ನಮ್ಮ ಜೊತೆ ಮೊಣಕಾಲೂರಬೇಕಿಲ್ಲ.

ಆದ್ದರಿಂದ ಒಟ್ಟಿಗೆ ಪ್ರಾರ್ಥಿಸಲು ಹೋಗಬೇಡಿ, ಅವರಾಗಿ ಕರೆದರೆ ಮಾತು ಬೇರೆ. ಕೆಲಸಕ್ಕೆ ಸೇರಿದ ಮೊದಲ ವಾರವೇ, ನಾನು ಎಲ್ಲಿ ಕುಳಿತು ಪ್ರಾರ್ಥಿಸಲಿ ಎಂದು ಮನೆಯವರನ್ನು ಕೇಳಿ. ಎರಡನೆಯ ಮನೆಯಲ್ಲಿ ನಾನು ಕೇಳಿದೆ. ಹಿಂದಿನ ಬಾಲ್ಕನಿ ತೋರಿಸಿದರು, ಒಂದು ಕುರ್ಚಿಯನ್ನೂ ಹಾಕಿಕೊಟ್ಟರು.