ಸಿನಿಮಾ ಪ್ರಶ್ನೋತ್ತರ: ಜಾಹೀರಾತು ಬಂದಾಗಷ್ಟೇ ಬಣ್ಣ

ಪ್ರಶ್ನೆ: ಜಾಹೀರಾತು ಲೋಕವನ್ನು ಗೇಲಿ ಮಾಡುವ ‘ಪಟ್ನಿ ಸ್ವೋಪ್’ ಚಿತ್ರವನ್ನು ನಮ್ಮ ಕಾಲೇಜಿನ ಸಿನಿಮಾ ಕೂಟದಲ್ಲಿ ಕನ್ನಡ ಸಬ್‌ಟೈಟಲ್‌ ಜೊತೆ ತೋರಿಸಬೇಕೆಂದಿದ್ದೇವೆ. ಕಪ್ಪು-ಬಿಳುಪಿನ ನಡುವೆ ಇದ್ದಕ್ಕಿದ್ದಂತೆ ಬಣ್ಣ ಬರುತ್ತದೆ, ನಾಯಕನ ತುಟಿಗೂ ದನಿಗೂ ಹೊಂದುವುದಿಲ್ಲ, ಸಬ್‌ಟೈಟಲ್ ಹೋಗ್ತಾ ಹೋಗ್ತಾ ಹಿಂದೆ ಬೀಳುತ್ತದೆ. ಪ್ರತಿಯೇ ಕೆಟ್ಟಿದೆಯೇ?
– ಓದುಗರು, ಕಲಬುರಗಿ

ಉತ್ತರ: ಮೊದಲೆರಡು ದೋಷಗಳಲ್ಲ, ದಯವಿಟ್ಟು ಸರಿಪಡಿಸಲು ಹೋಗಬೇಡಿ. ರಾಬರ್ಟ್ ಡೌನಿ ಸೀನಿಯರ್ 1969ರಲ್ಲಿ ಈ ಚಿತ್ರ ಮಾಡಿದಾಗ ಕಥೆಯನ್ನು ಕಪ್ಪು-ಬಿಳುಪಿನಲ್ಲೂ ಅದರೊಳಗಿನ ಜಾಹೀರಾತುಗಳನ್ನು ಬಣ್ಣದಲ್ಲೂ ತೆಗೆದರು. ಬದುಕು ಬೂದು, ಮಾರಾಟದ ಸರಕು ರಂಗುರಂಗು. ಚಿತ್ರದ ವ್ಯಂಗ್ಯವೆಲ್ಲ ಇಲ್ಲೇ ಇದೆ. ಪ್ರೊಜೆಕ್ಟರ್ ‘ಡೈನಾಮಿಕ್’ ಮೋಡ್‌ನಲ್ಲಿದ್ದರೆ ಕಪ್ಪು-ಬಿಳುಪಿಗೆ ನೀಲಿ ಛಾಯೆ ಬರುತ್ತದೆ. ಅದನ್ನು ಕಳೆಯಲು ಕಲರ್ ಸೊನ್ನೆಗೆ ಇಳಿಸಿದಿರೋ, ಜಾಹೀರಾತಿನ ಬಣ್ಣವೂ ಹೋಯಿತು. ‘ಸಿನಿಮಾ’ ಮೋಡ್ ಇಟ್ಟು, ಕಲರ್ ಟೆಂಪರೇಚರ್ ‘ವಾರ್ಮ್’ ಮಾಡಿದರೆ ಸಾಕು.

ಸ್ವೋಪ್ ಪಾತ್ರದ ಅರ್ನಾಲ್ಡ್ ಜಾನ್ಸನ್‌ಗೆ ಸಂಭಾಷಣೆ ನೆನಪಿರುತ್ತಿರಲಿಲ್ಲ. ಹಾಗಾಗಿ ಡೌನಿಯವರೇ ತಮ್ಮ ಗೊಗ್ಗರು ದನಿ ಕೊಟ್ಟರು. ಆಡಿಯೋ ಹೊಂದಿದೆಯೇ ಎಂದು ಬೇರೆ ಪಾತ್ರಗಳ ತುಟಿ ನೋಡಿ ಪರೀಕ್ಷಿಸಿ.

ಸಬ್‌ಟೈಟಲ್ ಮಾತ್ರ ನಿಜವಾಗಿ ತಪ್ಪಿದೆ. ಅದನ್ನು 24 ಫ್ರೇಮಿನ ಪ್ರತಿಗೆ ಹೊಂದಿಸಿದ್ದು, ನಿಮ್ಮದು 25 ಫ್ರೇಮಿನ ಪ್ರತಿ ಇರಬೇಕು. ಸೆಕೆಂಡಿಗೆ 24 ಫ್ರೇಮಿನಲ್ಲಿ 84 ನಿಮಿಷ ಓಡುವ ಚಿತ್ರ 25 ಫ್ರೇಮಿನ ಪ್ರತಿಯಲ್ಲಿ ಸುಮಾರು 80 ನಿಮಿಷ 40 ಸೆಕೆಂಡಿಗೇ ಮುಗಿಯುತ್ತದೆ. ಕೊನೆಗೆ ಮೂರು ನಿಮಿಷಕ್ಕೂ ಹೆಚ್ಚು ಅಂತರ! ವಿಎಲ್‌ಸಿ ವಿಡಿಯೊ ಪ್ಲೇಯರ್‌ನ ಜಿ, ಎಚ್ ಕೀಲಿಗಳು ಇಡೀ ಸಬ್‌ಟೈಟಲನ್ನು ಒಂದೇ ಅಳತೆಯಲ್ಲಿ ಸರಿಸುತ್ತವಷ್ಟೆ. ಸಬ್‌ಟೈಟಲ್ ಎಡಿಟರ್‌ನಲ್ಲಿ ಫ್ರೇಮ್ ದರವನ್ನೇ 24ರಿಂದ 25ಕ್ಕೆ ಬದಲಿಸಿ. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದರೆ ಯುನಿಕೋಡ್‌ಗೆ ಪರಿವರ್ತಿಸಿ, ಯುಟಿಎಫ್-8ನಲ್ಲಿ ಉಳಿಸಿ. ಇಲ್ಲದಿದ್ದರೆ ಪರದೆ ತುಂಬ ಅರ್ಥವಿಲ್ಲದ ಚಿಹ್ನೆಗಳು.

ಮೊಡವೆ ಕ್ರೀಮಿನ ‘ಫೇಸ್ ಆಫ್’ ಜಾಹೀರಾತಿಗೆ ಹೆಚ್ಚು ಹೊತ್ತು ಕೊಡಿ. ಹುಡುಗ-ಹುಡುಗಿ ಹಾಡುವ ರಾಗ ಬಲು ಮಧುರ, ಮಾತು ಪೋಲಿ. ಪ್ರಾಸ ಬಿಟ್ಟು ಅರ್ಥ ಮಾತ್ರ ಕೊಟ್ಟರೆ ನಗು ಬರುವುದಿಲ್ಲ. ಚಿತ್ರದಲ್ಲಿ ನಗ್ನತೆ, ಬೈಗುಳ ಎರಡೂ ಇವೆ. ಪ್ರಾಂಶುಪಾಲರಿಗೆ ಮೊದಲೇ ತಿಳಿಸಿ.

ಪ್ರಶ್ನೆ: ಅದೇ ಚಿತ್ರದಲ್ಲಿ ಕಂಪನಿಯ ಒಬ್ಬನೇ ಕರಿಯ ಸದಸ್ಯನಿಗೆ ಎಲ್ಲರೂ ಓಟು ಹಾಕುವುದೇಕೆ?
– ಓದುಗರು, ಬೀದರ್

ಉತ್ತರ: ಜಾಹೀರಾತು ಕಂಪನಿಯ ಅಧ್ಯಕ್ಷ ಆಡಳಿತ ಮಂಡಳಿಯ ಸಭೆಯಲ್ಲೇ ಸಾಯುತ್ತಾನೆ. ಸದಸ್ಯರು ಓಟು ಹಾಕಿ ಹೊಸ ಅಧ್ಯಕ್ಷನನ್ನು ಆರಿಸಬೇಕು. ತನಗೆ ತಾನೇ ಓಟು ಹಾಕಿಕೊಳ್ಳುವಂತಿಲ್ಲ ಎಂಬುದು ನಿಯಮ. ಎದುರಾಳಿಗೆ ಬಲ ಬರಬಾರದೆಂದು ಪ್ರತಿಯೊಬ್ಬರೂ ‘ಇವನಿಗೆ ಬೇರೆ ಯಾರೂ ಹಾಕಲಾರರು’ ಎಂದುಕೊಂಡು ಸ್ವೋಪ್‌ಗೇ ಹಾಕುತ್ತಾರೆ. ಗೆದ್ದವನು ಹೆಂಡ, ಸಿಗರೇಟು, ಯುದ್ಧದ ಆಟಿಕೆಗಳ ಜಾಹೀರಾತು ಬೇಡವೆನ್ನುತ್ತಾನೆ.