ಹಳೆ ಟಿವಿಗೆ 4ಕೆ ಬಾಕ್ಸ್ ಬೇಕಾ?

ನಿಮ್ಮ ಹಳೆಯ ಫುಲ್ ಎಚ್‌ಡಿ ಟಿವಿಗೆ, ಇಂಟರ್ನೆಟ್ಟಿನಿಂದ ಸಿನಿಮಾ ತೋರಿಸುವ 4ಕೆ (2160 ಸಾಲಿನ ಚಿತ್ರ ಕೊಡುವ) ಬಾಕ್ಸ್ ಹಾಕಿದರೆ ಚಿತ್ರ ಇನ್ನೂ ಚೆನ್ನಾಗಿ ಬರುತ್ತದಾ ಅಂತ ಕೇಳಿದ್ದೀರಿ. ಇಲ್ಲ ಸಾರ್. ಪರದೆಯಲ್ಲಿ ಇರುವುದೇ 1080 ಸಾಲು, ಬಾಕ್ಸ್ ಏನು ಕಳಿಸಿದರೂ ಅಷ್ಟೇ ಕಾಣುವುದು. ನೋಡಬೇಕಾದ್ದು ಬೇರೆ: ಕನಿಷ್ಠ 2 ಜಿಬಿ ರ‍್ಯಾಮ್, 5 ಗಿಗಾಹರ್ಟ್ಸ್ ವೈಫೈ, ಮುಖ್ಯವಾಗಿ ವೈಡ್‌ವೈನ್ ಎಲ್1, ಅಂದರೆ ಸಿನಿಮಾ ನಕಲಾಗದಂತೆ ಕಾಯುವ ಗೂಗಲ್ ವ್ಯವಸ್ಥೆಯ ಅತಿ ಮೇಲಿನ ಮಟ್ಟ. ಆಂಡ್ರಾಯ್ಡ್ ಬಾಕ್ಸಿನಲ್ಲಿ ಅದಿಲ್ಲದಿದ್ದರೆ ನೆಟ್‌ಫ್ಲಿಕ್ಸ್ ಎಚ್‌ಡಿಯನ್ನೇ ಕೊಡುವುದಿಲ್ಲ. ಅಗ್ಗಕ್ಕೆ ಸಿಕ್ಕಿತು ಅಂತ ಅಂಥದ್ದೊಂದನ್ನು ತಂದು ನಾನು ಕೆಟ್ಟೆ, ಡಬ್ಬದ ಮೇಲೆ ದೊಡ್ಡದಾಗಿ 4ಕೆ ಅಂತಿತ್ತು, ಸಿನಿಮಾ ಹಾಕಿದರೆ ಮುಖಗಳೆಲ್ಲ ಮಸುಕು, ಸಬ್‌ಟೈಟಲ್ ಮಾತ್ರ ಚೂಪು! ಹಾಂ, ಇನ್ನೊಂದು. ಕರೆಂಟನ್ನು ಟಿವಿಯ ಯುಎಸ್‌ಬಿಯಿಂದ ಕೊಡಬೇಡಿ, ಜೊತೆಗೆ ಬಂದ ಅಡಾಪ್ಟರನ್ನೇ ಹಾಕಿ. ಹಳೆ ಟಿವಿಯ ಪೋರ್ಟಿಗೆ ಅಷ್ಟು ಶಕ್ತಿ ಸಾಲದೆ ಬಾಕ್ಸ್ ಸುಮ್ಸುಮ್ನೆ ರೀಸ್ಟಾರ್ಟ್ ಆಗುತ್ತಿರುತ್ತದೆ.