ಗಡ್ಡಿಯ ಪ್ರೇಮಕಥಿಗೆ ಮೊದಲು ಹೊಳಿ ದಾಟಿದವರ ಲೆಕ್ಕ ಇಡು

ತಂಗಿ, ನೀ ಹಾಕಿದ ಪ್ರೇಮಕಥಿಯ ಮೂರು ಅಧ್ಯಾಯ ಓದಿದೆ. ಕೃಷ್ಣಾ ಹೊಳಿ ನಡುವ ಸುತ್ತ ನೀರಿರೋ ಗಡ್ಡಿ, ಅರವತ್ತು ಮನಿ, ಹೊಸದಾಗಿ ಬಂದ ಮಾಸ್ತರ, ಹರಿಗೋಲು ಹಾಕುವವನ ಮಗಳು. ಮೂರನೇ ಅಧ್ಯಾಯದಾಗ ಗುಡುಗು ಸಿಡಿಲಿನ ಮಳಿ ಬಂದು ರಾತ್ರೋರಾತ್ರಿ ಹೊಳಿ ಏರ್ತದ, ಇಬ್ಬರೂ ಗುಡಿಯಾಗ ಸಿಕ್ಕಿ ಬೀಳ್ತಾರ. ಓದಿ ಸುಮ್ನೆ ಕೂಡಲಿಕ್ಕಾಗಲಿಲ್ಲ. ಇದೇ ತಪ್ಪು ಮಾಡಿ ನಾ ಎರಡು ವರ್ಷ ಕಳಕೊಂಡೀನಿ.

ನಮ್ಮ ಸುರಪುರದ ಕಡಿ ಹೊಳಿ ಹಂಗ ಏರಂಗಿಲ್ಲ. ಮಳಿ ಆಗೋದು ಮಹಾರಾಷ್ಟ್ರದ ಘಟ್ಟದಾಗ. ಆ ನೀರು ಆಲಮಟ್ಟಿಗೆ ಬಂದು, ನಾರಾಯಣಪುರದ ಬಸವಸಾಗರ ತುಂಬಿ, ಗೇಟ್ ಎತ್ತಿದ ಮ್ಯಾಲೆ ನಮಗ ಬರ್ತದ. ಸುರಪುರದಾಗ ಬಿಸಿಲು ಚುರ್ ಅಂತಿರ್ತದ, ಹೊಳಿ ಕೆಂಪಾಗಿ ದಂಡಿ ತಿಂತಿರ್ತದ. ಗೇಟ್ ಎತ್ತೋ ಸುದ್ದಿನೂ ಮೊದಲೇ ಬಂದಿರ್ತದ. ಅಂದ್ರ ನಿನ್ನ ಮಾಸ್ತರ ಸಿಕ್ಕಿ ಬಿದ್ದಿಲ್ಲ, ಸುದ್ದಿ ಕೇಳಿನೂ ದಾಟದೆ ಉಳದಾನ. ಯಾಕ ಉಳದ? ಅದನ್ನ ಬರಿ. 2009ರ ಅಕ್ಟೋಬರದ ಮಳಿ ಬ್ಯಾರೆ, ಅದು ನಮ್ಮ ತಲಿ ಮ್ಯಾಲೇ ಸುರದದ್ದು. ಕಥಿ ಆ ವರ್ಷದ್ದಾದ್ರ ಗುಡುಗು ಇರಲಿ.

ನನ್ನ ಹಸ್ತಪ್ರತಿ 240 ಪುಟ ಇತ್ತು. ಹುಡುಗ ಹುಡುಗಿ ಹದಿನಾಲ್ಕು ಸಲ ಭೇಟಿ ಆಗಿದ್ರು, ಯಾರಿಗೂ ಗೊತ್ತಿಲ್ಲ. ಗಡ್ಡಿಯಾಗೇ ಹುಟ್ಟಿ ಬೆಳೆದ ನಮ್ಮ ನೆಗೆಣ್ಣಿಗೆ ಓದಿ ಹೇಳಿದೆ. ಶೇಂಗಾ ಒಡಕೋತ ಕೇಳ್ತಿದ್ದಾಕಿ ಕೈ ನಿಲ್ಲಿಸಿ, “ಯಕ್ಕಾ, ಈ ಊರಾಗ ಮಂದಿ ಇಲ್ಲೇನು? ಆಕಿ ಸೀರಿ ಅಂಚು ತೊಯ್ದದ್ದು ಯಾರೂ ನೋಡಲಿಲ್ಲೇನು?” ಅಂದ್ಲು. ಅವತ್ತೇ ಹನ್ನೊಂದು ದೃಶ್ಯ ಹೊಡದು ಹಾಕಿದೆ.

ಆಮ್ಯಾಲೆ ಒಂದು ಕ್ಲಾಸ್‌ಮೇಟ್ ಲಾಂಗ್ ಬುಕ್ ತಂದು ದಾಟಿದವರ ಲೆಕ್ಕ ಇಟ್ಟೆ. ಯಾವ ದಿನ, ಯಾರು ಹೋದರು, ಯಾರು ಬಂದರು, ಕೈಯಾಗ ಏನಿತ್ತು, ಮಗ್ಗಲಕ್ಕ ಯಾರು ಕುಂತಿದ್ರು. ಕಥಿಯಾಗ ಬರಲಾರದ ದಿನದ್ದೂ ಬರದೆ. ಒಂದು ಸಾಲು ಹಿಂಗಿತ್ತು: ಹುಡುಗ ಕಕ್ಕೇರಾದಿಂದ ಎರಡು ಡಜನ್ ಹಸಿರು ಬಳಿ ತಂದ. ಹರಿಗೋಲಿನಾಗ ಕುಂತ ಮುದುಕಿ “ಯಾರಿಗಪ್ಪಾ?” ಅಂದ್ಲು. “ನಮ್ಮವ್ವಗ” ಅಂದ. ಅವನ ಅಪ್ಪ ತೀರಿಕೊಂಡದ್ದು ಗಡ್ಡಿಗೆಲ್ಲ ಗೊತ್ತು. ಮುದುಕಿ ಮುಂದ ಒಂದು ಮಾತೂ ಆಡಲಿಲ್ಲ, ದಂಡಿ ಮುಟ್ಟೂತನಕ ಬಳಿ ಪುಡಕಿ ತನ್ನ ಸೆರಗಿನಾಗ ಮುಚ್ಚಿ ಇಟ್ಕೊಂಡ್ಲು. ಆ ಅಧ್ಯಾಯ ಒಂದೇ ರಾತ್ರಿಯಾಗ ಮುಗೀತು. ಈ ಲೆಕ್ಕ ಫೋನಿನಾಗ ಇಡಬ್ಯಾಡ, ಹಾಳಿ ತಿರುವಿ ನೋಡೋದೇ ಬೇಕು.

ಸಿಟ್ಟು ಬಂದದ್ದು ನಿನ್ನ ಹುಡುಗಿ ತೇಲಲಿಕ್ಕೆ ಒಣ ಸೋರಿಬುರುಡಿ ಕಟ್ಟಿಕೊಂಡು ಈಸೋ ದೃಶ್ಯಕ್ಕ. 2014ರಾಗ ನೀಲಕಂಠರಾಯನ ಗಡ್ಡಿಯ ತುಂಬು ಬಸರಿ ಹೆಣ್ಣುಮಗಳು ಹೆರಿಗಿಗೆ ದವಾಖಾನಿ ಮುಟ್ಟಬೇಕಂತ ತುಂಬಿದ ಹೊಳಿ ಹಂಗ ಈಸಿ ದಾಟ್ಯಾಳ. ನೀ ಅದನ್ನ ಮಾಸ್ತರನ ಮಾರಿ ನೋಡಲಿಕ್ಕೆ ಮಾಡಿಸೀದಿ. ತಗದು ಹಾಕು. ನಿನ್ನ ಹುಡುಗಿಗೆ ದಾಟಲೇಬೇಕಾದ ಕೆಲಸ ಕೊಡು, ಮಾಸ್ತರ ಆಚಿ ದಂಡಿಗೆ ಇದ್ರ ಇರಲಿ.

ಸಮುದ್ರದ ದ್ವೀಪ ಇಟ್ಕೋಬೇಕಂದ್ರ ಈ ಲೆಕ್ಕ ನಡಿಯಂಗಿಲ್ಲ. ಅಲ್ಲಿ ಭರತ ಇಳಿತ ದಿನಾ ಇರ್ತದ, ನಮ್ಮಲ್ಲಿ ಏರಿದ ಹೊಳಿ ವಾರಗಟ್ಟಲೆ ಇಳಿಯಂಗಿಲ್ಲ. ವಿರಹ ಎಷ್ಟು ದಿನದ್ದು ಅನ್ನೋದೇ ಬದಲಾಗ್ತದ. ಮತ್ತ “ದ್ವೀಪ” ಅಂತ ಗಡ್ಡಿ ಮಂದಿ ಬಾಯಾಗ ಯಾಕ ಹಾಕ್ತಿ? ಧಾರವಾಡದ “ಮಾಡಾಕತ್ತೀನಿ”ನೂ ಬ್ಯಾಡ, ನಮ್ಮದು “ಮಾಡ್ಲಾಕತ್ತೀನಿ”.

ಇನ್ನೊಂದು, ನುಡಿ ತಂತ್ರಾಂಶದ ಹಳೇ ಫಾಂಟಿನಾಗ ಟೈಪ್ ಮಾಡೀದಿ ಅನಸ್ತದ, ಮೂರನೇ ಅಧ್ಯಾಯದಾಗ ಒತ್ತಕ್ಷರ ಎಲ್ಲ ಒಡದಾವ. ಒಂದು ಪ್ರಕಾಶನದವರು ನನ್ನ ಫೈಲು ಇದೇ ಕಾರಣಕ್ಕ ಓದದೇ ವಾಪಸ್ ಕಳಿಸಿದ್ರು. ಯೂನಿಕೋಡಿಗೆ ಬದಲಾಯಿಸಿ, ರ‍್ಯ ಮತ್ತು ರ್ಯ ಎರಡನ್ನೂ ಕಣ್ಣಿಟ್ಟು ನೋಡಿ, ಆಮ್ಯಾಲೆ ನಾಲ್ಕನೇ ಅಧ್ಯಾಯ ಹಾಕು.